ದಾರಿ ತಪ್ಪಿದ ಕೌದಿ

"ಇವತ್ತೂ ಅದೇ ಸಾಲು, ಅತ್ತಿಗೆ," ಎಂದು ನಾದಿನಿ ಕಂಪ್ಯೂಟರಿನ ಪರದೆಯನ್ನು ಇತ್ತ ತಿರುಗಿಸಿದಳು. 'ಪಾರ್ಸೆಲ್ ವಿಮಾನದಲ್ಲಿದೆ.' ವಾರಗಳಿಂದ ಅದು ವಿಮಾನದಲ್ಲೇ ಇತ್ತು. "ಅದೇನು ವಿಮಾನವೋ! ಇಳಿಯೋದನ್ನೇ ಮರೆತುಬಿಟ್ಟಿದೆ."

ಅತ್ತಿಗೆಗೆ ನಗು ಬರಲಿಲ್ಲ. ಹೊಲಿಯುವುದು ಅವಳ ಕೆಲಸ, ಆನ್‌ಲೈನಿನಲ್ಲಿ ಮಾರುವುದು ನಾದಿನಿಯದು. ಪರದೇಶಕ್ಕೆ ಕಳಿಸಿದ್ದು ತಡವಾಗುವುದು, ಕಳೆದುಹೋಗುವುದು ಇಬ್ಬರಿಗೂ ಹೊಸದೇನಲ್ಲ. ದಿಂಬಿನ ಚೀಲ ಕಾಣೆಯಾದರೆ ಕ್ಷಮೆ ಕೇಳಿ ಇನ್ನೊಂದು ಹೊಲಿದು ಕಳಿಸಿದರಾಯಿತು, ಗಿರಾಕಿ ತಣ್ಣಗಾಗುತ್ತಾರೆ. ಇದು ಹಾಗಲ್ಲ. ಕಡಲಾಚೆ ನೆಲೆಸಿದ್ದ ಹೆಣ್ಣುಮಗಳೊಬ್ಬಳು ತೀರಿಹೋದ ತನ್ನ ಅಪ್ಪನ ಅಂಗಿಗಳನ್ನು ಕಳಿಸಿ, ಅವುಗಳಲ್ಲೇ ಒಂದು ಕೌದಿ ಹೊಲಿದು ಕೊಡಿ ಎಂದಿದ್ದಳು. ಅಪ್ಪ ಬಸ್ ಡ್ರೈವರ್. ಎಲ್ಲ ಅಂಗಿಗಳಲ್ಲೂ ಕಿಟಕಿಯ ಕಡೆಯ ತೋಳು ಬಿಸಿಲಿಗೆ ಮಾಸಿತ್ತು. ಅತ್ತಿಗೆ ಒಂದು ಚಿಂದಿಯನ್ನೂ ಉಳಿಸದೆ ಆ ಮಾಸಿದ್ದನ್ನೂ ಮಾಸದ್ದನ್ನೂ ಅಕ್ಕಪಕ್ಕ ಕೂಡಿಸಿ ಹೊಲಿದಿದ್ದಳು.

ಕೊರಿಯರ್‌ನವರು ಪಾರ್ಸೆಲ್ ಪತ್ತೆಯಿಲ್ಲ, ತೂಕದ ಲೆಕ್ಕದಲ್ಲಿ ಪರಿಹಾರ ಕೊಡುತ್ತೇವೆ ಎಂದರು. ಅದನ್ನು ಕೇಳಿದ ಮೇಲೆ ಅತ್ತಿಗೆಯೇ ಫೋನ್ ಕೈಗೆತ್ತಿಕೊಂಡಳು. "ಆ ಮಗಳಿಗೆ ನಾನೇ ಹೇಳ್ತೀನಿ. ತಲೆ ತಪ್ಪಿಸ್ಕೊಂಡು ಎಷ್ಟು ದಿನ ಓಡಾಡೋದು?"

ಡ್ರೈವರನ ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ದುಡ್ಡು ವಾಪಸ್ ಕೊಡ್ತೀವಿ ಅಂತ ಮಾತ್ರ ಅನ್ಬೇಡಿ," ಎಂದಳು. "ನಾನ್ಯಾಕಾದ್ರೂ ಕಳಿಸಿದ್ನೋ. ಬೀರುವಿನಲ್ಲೇ ಇದ್ದಿದ್ರೆ ಬಾಗಿಲು ತೆಗೆದಾಗ ಅಪ್ಪನ ವಾಸನೆನಾದ್ರೂ ಬರ್ತಿತ್ತು." ಅಂದಿನಿಂದ ಅತ್ತಿಗೆಗೆ ಹೊಲಿಗೆಯಲ್ಲಿ ಕೈ ಓಡಲಿಲ್ಲ. ಹಾಕಿದ ಹೊಲಿಗೆ ಬಿಚ್ಚುವುದು, ಮತ್ತೆ ಹಾಕುವುದು, ಇದೇ ಆಯಿತು.

ಒಂದು ಮಧ್ಯಾಹ್ನ ನಾದಿನಿಯ ಮೊಬೈಲಿಗೆ ಯಾವುದೋ ಉದ್ದನೆಯ ನಂಬರಿನಿಂದ ವಿಡಿಯೋ ಕರೆ ಬಂತು. ಮೋಸದ ಕರೆ ಇರಬೇಕೆಂದು ಅವಳು ಕತ್ತರಿಸಿದಳು. ಮತ್ತೆ ಬಂತು. ಎತ್ತಿದರೆ ನರ್ಸ್ ಬಟ್ಟೆಯ ಹೆಂಗಸೊಬ್ಬಳು. ಅವಳ ಬೆನ್ನ ಹಿಂದೆ ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಪಟಪಟ ಬಡಿಯುತ್ತಿತ್ತು. ಅವಳ ಭಾಷೆ ಅತ್ತಿಗೆಗೆ ತಿಳಿಯದು. ನಾದಿನಿ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕುರ್ಚಿಯ ತುದಿಗೆ ಬಂದು ಕೂತಳು.

"ಅದೊಂದು ದ್ವೀಪವಂತೆ ಅತ್ತಿಗೆ. ಬಿರುಗಾಳಿಗೆ ಸಿಕ್ಕಿ ನಮ್ಮ ಪಾರ್ಸೆಲ್ ಇದ್ದ ವಿಮಾನ ಅಲ್ಲಿ ಇಳಿದುಬಿಡ್ತಂತೆ. ರಾತ್ರೋರಾತ್ರಿ ಆಸ್ಪತ್ರೆಯ ಸೂರೇ ಹಾರಿಹೋಯ್ತಂತೆ. ರೋಗಿಗಳನ್ನೆಲ್ಲ ವಿಮಾನ ನಿಲ್ದಾಣದ ಗೋದಾಮಿಗೆ ತಂದು ಮಲಗಿಸಿದ್ರಂತೆ. ಕರೆಂಟಿಲ್ಲ, ಒಣಗಿದ ಒಂದು ಬಟ್ಟೆ ಇಲ್ಲ. ಅಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಒಡೆದು ನೋಡಿದ್ರೆ ಎಲ್ಲದರಲ್ಲೂ ನೀರು. ನಮ್ಮದು ಪ್ಲಾಸ್ಟಿಕ್ ಸುತ್ತಿದ್ದರಿಂದ ಬಚಾವಾಗಿತ್ತಂತೆ."

"ಆಮೇಲೆ?"

ನಾದಿನಿ ಮೊಬೈಲನ್ನು ಅತ್ತಿಗೆಯತ್ತ ಹಿಡಿದಳು. ನರ್ಸ್ ಫೋನನ್ನು ತಿರುಗಿಸಿದಳು. ಮಂಚದ ಮೇಲೆ ಒಬ್ಬ ಬಾಣಂತಿ. ಅವಳ ಎದೆಯ ಮೇಲೆ ದಿನ ತುಂಬುವ ಮೊದಲೇ ಹುಟ್ಟಿದ ಮಗು, ಮುಷ್ಟಿಯಷ್ಟೇ ಮುಖ. ಇಬ್ಬರನ್ನೂ ಸುತ್ತಿ ಬಳಸಿಕೊಂಡಿತ್ತು ಕೌದಿ. ಮಗುವನ್ನು ಬೆಚ್ಚಗಿಡುವ ಯಂತ್ರ ಕೆಟ್ಟು ಕೂತಿದ್ದಾಗ ಇದೇ ಅದಕ್ಕೆ ಯಂತ್ರವಾಗಿತ್ತು. ಅತ್ತಿಗೆ ಪರದೆಯತ್ತ ಬಗ್ಗಿದಳು. ಅವು ಅವಳದೇ ಹೊಲಿಗೆಗಳು. ಈ ಕೋಣೆಯಲ್ಲಿ, ಈ ದೀಪದ ಕೆಳಗೆ ಕೂತು, ಬೆನ್ನು ನೋವೆಂದು ಗೊಣಗುತ್ತ ಹಾಕಿದ ಹೊಲಿಗೆಗಳು. ಅವಳು ಕಣ್ಣಲ್ಲಿ ಕಂಡಿರದ ಸಮುದ್ರದ ನಡುವೆ, ಹೆಸರೂ ಗೊತ್ತಿಲ್ಲದ ಜೀವವೊಂದನ್ನು ಹಿಡಿದುಕೊಂಡು ಕೂತಿದ್ದವು.

"ನಿನ್ನೆಯಷ್ಟೇ ಅಲ್ಲಿ ಫೋನ್ ಲೈನ್ ಮತ್ತೆ ಬಂತಂತೆ," ಎಂದಳು ನಾದಿನಿ. "ಕೌದಿಯ ಮೂಲೇಲಿ ನಾವು ಹೊಲಿದ ಹೆಸರಿನ ಪಟ್ಟಿ ನೋಡಿ ನಮ್ಮ ನಂಬರಿಗೆ ಮಾಡಿದಾರೆ. ಇನ್ನೊಬ್ಬರ ಪಾರ್ಸೆಲ್ ಒಡೆದದ್ದು ತಪ್ಪಾಯ್ತಂತೆ. ಮಗು ಗಂಡಾಂತರ ದಾಟಿದೆ, ಇವತ್ತೇ ಒಗೆದು ಕಳಿಸ್ತಾರಂತೆ. ಏನು ಹೇಳ್ಲಿ?"

"ನನ್ನನ್ನೇನು ಕೇಳ್ತೀಯೇ? ಅದು ನಮ್ಮದಾ? ಆ ಮಗಳನ್ನ ಕರಿ."

ನಾದಿನಿ ಅದೇ ಕರೆಗೆ ಡ್ರೈವರನ ಮಗಳನ್ನೂ ಸೇರಿಸಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ತಲೆ ಬಾಚದೆ, ಕಣ್ಣುಜ್ಜಿಕೊಳ್ಳುತ್ತ ಬಂದ ಅವಳಿಗೆ ನಾದಿನಿ ತಡವರಿಸುತ್ತ ಎಲ್ಲ ಹೇಳಿದಳು. ಅತ್ತಿಗೆಗೆ ಒಳಗೊಳಗೇ ಅಳುಕು. ಬೇರೆಯವರ ಅಪ್ಪನ ಅಂಗಿ ನಿಮ್ಮಪ್ಪನ ಮನೆ ಸೊತ್ತಾ ಎಂದು ಆ ಮಗಳು ನರ್ಸನ್ನು ಕೇಳಿಬಿಟ್ಟರೆ? ಕೇಳಿದರೂ ತಪ್ಪೇನಿಲ್ಲ.

ಮಗಳು ಮುಖವನ್ನು ಪರದೆಯ ತೀರ ಹತ್ತಿರಕ್ಕೆ ತಂದಳು. "ಆ ನೀಲಿ ಚೌಕ... ಅದು ಅಪ್ಪ ಕೊನೇ ಸಲ ಡ್ಯೂಟಿಗೆ ಹಾಕ್ಕೊಂಡು ಹೋದ ಅಂಗಿ."

ಇಡೀ ಕೌದಿ ನೋಡಬೇಕೆನ್ನುತ್ತಿದ್ದಾಳೆ ಎಂದುಕೊಂಡು ನರ್ಸ್ ಅದರ ತುದಿ ಹಿಡಿದು ಬಿಡಿಸಹೋದಳು.

"ಬೇಡ ಬೇಡ, ಎಳೀಬೇಡಿ!" ಕೂಗಿಬಿಟ್ಟ ಮಗಳು ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ದನಿ ತಗ್ಗಿಸಿದಳು. "ಮಲಗಿದೆ ನೋಡಿ. ಅದಕ್ಕೆ ಸಾಕು ಅನ್ನಿಸಿದ ಮೇಲೆ ಕಳಿಸಿದ್ರಾಯ್ತು."

ನಾದಿನಿ ಅದನ್ನು ಆ ಭಾಷೆಯಲ್ಲಿ ಹೇಳಬೇಕಾಗಿ ಬರಲಿಲ್ಲ. ನರ್ಸ್ ಆಗಲೇ ಕೈ ಬಿಟ್ಟಿದ್ದಳು. ಯಾರೂ ಕರೆ ಮುಗಿಸಲಿಲ್ಲ. ಎಲ್ಲೆಲ್ಲೋ ಕೂತ ನಾಲ್ಕು ಹೆಂಗಸರು ನೋಡುತ್ತಲೇ ಇದ್ದರು. ಮಗುವಿನ ಮೇಲಿನ ನೀಲಿ ಚೌಕ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.