ಬೀದಿಯ ತಿರುವಿನವರೆಗೆ

“ಬೀದಿಯ ತಿರುವು ದಾಟೋವರೆಗೆ ಸದ್ದು ಬರಬಾರದು ಅಣ್ಣ. ನಾನು ಹೋಗಿದ್ದು, ಬಂದಿದ್ದು ಮನೇಲಿ ಗೊತ್ತಾಗಬಾರದು.”

ಮೆಕ್ಯಾನಿಕ್ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಸ್ಪೋರ್ಟ್ಸ್ ಕಾರುಗಳ ಎಂಜಿನ್ ಬಿಚ್ಚಿ ಜೋಡಿಸುವುದೇ ಅವನ ಕಸುಬು. ಸದ್ದು ಹೆಚ್ಚಿಸಿಕೊಡಿ ಎಂದು ಬಂದವರನ್ನು ಕಂಡಿದ್ದ. ಅಡಗಿಸಿಕೊಡಿ ಎಂದು ಬಂದವಳು ಇವಳೇ ಮೊದಲು.

“ಹಾಗಾದ್ರೆ ಹೈಬ್ರಿಡ್ ಮಾಡ್ಬೇಕು. ಎಂಜಿನ್ ಜೊತೆಗೆ ಕರೆಂಟ್ ಮೋಟಾರು, ಬ್ಯಾಟರಿ ಎಲ್ಲ ಕೂರಿಸ್ಬೇಕು. ಬೇಡಮ್ಮ. ಇಂಥ ಗಾಡಿಗೆ ಪೆಟ್ರೋಲ್ ಎಂಜಿನ್ನೇ ಜೀವ. ಚಿರತೆ ಬೆನ್ನಿಗೆ ಯಾರಾದ್ರೂ ಮೂಟೆ ಕಟ್ತಾರಾ?”

“ಮೋಟಾರು ಸೇರಿದ್ರೆ ಇನ್ನೂ ಚುರುಕಾಗುತ್ತಂತಲ್ಲ. ದೊಡ್ಡ ಕಂಪನಿಯವರೇ ಹಾಗೆ ಮಾಡ್ತಿದ್ದಾರೆ.”

“ಚುರುಕಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಎರಡು ದೋಣೀಲಿ ಕಾಲಿಟ್ಟೋರು ದಡ ಸೇರಲ್ಲ.” ಬೇಕೆಂದೇ ಅವಳ ಮುಖ ನೋಡಿದ. “ಕಾರು ಯಾರದು?”

“ನಮ್ಮ ಯಜಮಾನರದು.”

“ಅವರು ಒಪ್ಪಿದ್ದಾರಾ?”

“ಅವರು ಬೇಡ ಅನ್ನಲ್ಲ.”

“ಸದ್ದು ಬೇಡ ಅಂದ್ರೆ ಮಾರಿಬಿಡಿ.”

“ಅದೊಂದು ಮಾತ್ರ ಹೇಳ್ಬೇಡಿ,” ಎಂದಳು.

ಅವಳು ಹೋದ ಮೇಲೆ ಪಕ್ಕದಲ್ಲಿ ಬಣ್ಣ ಹೊಡೆಯುತ್ತಿದ್ದ ಗೆಳೆಯ ನಕ್ಕ. “ಕದ್ದು ಹಾಲು ಕುಡಿಯೋಕೆ ಹೋಗೋ ಬೆಕ್ಕಿಗೆ ಹೆಜ್ಜೆ ಸದ್ದು ಆಗಬಾರದಪ್ಪ!”

ಮೆಕ್ಯಾನಿಕ್ ನಗಲಿಲ್ಲ. ಅವನ ಹೆಂಡತಿ ಮನೆ ಬಿಟ್ಟು ಹೋದ ದಿನ ಅವನು ಯಾವುದೋ ಎಂಜಿನ್ನಿನ ಅಬ್ಬರದಲ್ಲಿ ಮುಳುಗಿದ್ದ. ಬಾಗಿಲು ಮುಚ್ಚಿದ್ದೂ ಕೇಳಿರಲಿಲ್ಲ.

ಆದರೂ ಕೆಲಸ ಒಪ್ಪಿಕೊಂಡ. ಅಂಥ ಎಂಜಿನ್ನನ್ನು ಕಂಡಕಂಡವರ ಕೈಗೆ ಬಿಡಲು ಮನಸ್ಸಾಗಲಿಲ್ಲ. ಡ್ರೈವರ್ ಸೀಟು ಉದ್ದ ಕಾಲಿನವನೊಬ್ಬನಿಗೆ ಬೇಕಾದಷ್ಟು ಹಿಂದಿತ್ತು. ಅವಳು ಅದನ್ನು ಮುಂದಕ್ಕೆ ಎಳೆದುಕೊಂಡಿರಲಿಲ್ಲ. ಬೆನ್ನಿಗೆ ದಿಂಬುಗಳನ್ನು ಒತ್ತಿಕೊಂಡು ಓಡಿಸಿದ್ದಳು. ಗುರುತು ಉಳಿಯದಂತೆ ಎಷ್ಟು ಹುಷಾರು ಎಂದುಕೊಂಡ.

ಕೆಲಸ ಮುಗಿಯಿತು. ಬರೀ ಮೋಟಾರಿನಲ್ಲಿ ಓಡಿಸಿ ನೋಡಿದ. ಕಾರು ನೀರಿನ ಮೇಲೆ ಎಲೆ ತೇಲಿದಂತೆ ಹೋಯಿತು. ಚೆನ್ನಾಗಿಯೇ ಇತ್ತು. ಅದೇ ಅವನಿಗೆ ಹೆಚ್ಚು ಸಂಕಟ ತಂದಿತು.

“ಮನೆಗೆ ತರಬೇಡಿ, ನಾನೇ ಬರ್ತೀನಿ” ಎಂದು ಅವಳು ಹೇಳಿದ್ದಳು. ಅವನು ಕೇಳಲಿಲ್ಲ. ಗಂಡ ಮನೆಯಲ್ಲಿರಬಹುದಾದ ರಜೆಯ ದಿನ ನೋಡಿ, ಕಾರಿನ ಕಾಗದದಲ್ಲಿದ್ದ ವಿಳಾಸ ಹಿಡಿದು ಬೆಳಿಗ್ಗೆಯೇ ಹೊರಟ. ಬೀದಿಯ ತಿರುವಿನಲ್ಲಿ ಬೇಕೆಂದೇ ಎಂಜಿನ್ ಚಾಲೂ ಮಾಡಿದ. ಅವಳ ಮನೆಯ ಗೇಟಿನ ಮುಂದೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಹಿಡಿದ. ಕಿಟಕಿಯ ಗಾಜುಗಳು ಅದುರಿದವು. ಕೇಳಲಿ, ಗಂಡ ಅನ್ನಿಸಿಕೊಂಡವನು ಈಗಲಾದರೂ ಹೊರಗೆ ಬರಲಿ.

ಬಾಗಿಲು ದಢಾರನೆ ತೆರೆಯಿತು. ಬಂದದ್ದು ಒಬ್ಬ ಮುದುಕಿ. ಬರಿಗಾಲು, ಅರ್ಧ ಬಾಚಿದ ಕೂದಲು, ಮುಖದ ತುಂಬ ನಗು.

“ಬಂದ್ಯಾ ಕಂದಾ! ಎಷ್ಟು ಹೊತ್ತು ಮಾಡ್ದೆ!”

ಅವಳ ಹಿಂದೆಯೇ, ಬಾಚಣಿಗೆ ಹಿಡಿದ ಆ ಹೆಂಗಸು ಓಡಿ ಬಂದಳು. ಮೆಕ್ಯಾನಿಕ್‌ನನ್ನು ಕಂಡು ಗಕ್ಕನೆ ನಿಂತಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬರೀ ಆಯಾಸ.

ಮುದುಕಿ ಕಿಟಕಿಯೊಳಗೆ ಇಣುಕಿ ಅಪರಿಚಿತ ಮುಖ ನೋಡಿದಳು. ಕಾರಿನ ಆಚೆ ಬದಿಗೆ ಹೋಗಿ ಇಣುಕಿದಳು. “ನನ್ನ ಮಗ ಎಲ್ಲಿ? ಅವನ ಗಾಡಿ ಬಂತಲ್ಲ, ಅವನೆಲ್ಲಿ?”

ಮೆಕ್ಯಾನಿಕ್ ಎಂಜಿನ್ ಆರಿಸಿದ. ಹೆಂಗಸು ಅವನತ್ತ ಬಾಗಿದಳು. ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು.

“ನಮ್ಮತ್ತೆಗೆ ಯಾವುದೂ ನೆನಪು ನಿಲ್ಲಲ್ಲ ಅಣ್ಣ. ಈ ಸದ್ದು ಕೇಳಿದಾಗಲೆಲ್ಲ, ಅವರ ಮಗ ಸತ್ತು ಹೋದ ಅಂತ ನಾನೇ ಮತ್ತೆ ಹೊಸದಾಗಿ ಹೇಳಬೇಕು.”