ಮಣ್ಣಿನ ಮನೆಯ ಬಾಗಿಲು

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಮೈ ಉರಿಯುತ್ತದೆ.

ತಮಿಳುನಾಡಿನ ತೇವಾರಂ ಊರಿನ ನಮ್ಮ ಬಾಲವಾಡಿಗೆ ಹೊಸ ಕೋಣೆ ಕಟ್ಟುತ್ತಿದ್ದರು. ಅಪ್ಪ ಸತ್ತ ಮೇಲೆ ಕೂಲಿಗೆ ಇಳಿದಿದ್ದ ಅವ್ವ ಅಲ್ಲಿ ಗಾರೆ ಹೊರುತ್ತಿದ್ದಳು. ಅದನ್ನು ನೋಡಿಕೊಂಡು ನೀವೂ ಕಟ್ಟಿ ಎಂದು ಟೀಚರ್ ನಮಗೆ ಕಲಸಿದ ಮಣ್ಣು ಕೊಟ್ಟರು. ನಾನು ಮನೆ ಮಾಡಿ ಕಡ್ಡಿಗಳ ಬಾಗಿಲು ನಿಲ್ಲಿಸಿದೆ. ಬಾಲವಾಡಿಯಲ್ಲಿ ಅಡುಗೆ ಮಾಡುವ ದೊಡ್ಡಮ್ಮ ನಗುತ್ತಾ ಅರಿಶಿನ ತಂದುಕೊಟ್ಟಳು. ಹೊಸ ಬಾಗಿಲಿನ ಚೌಕಟ್ಟಿಗೆ, ಅಂದರೆ ವಾಸಕಾಲಿಗೆ, ಹಚ್ಚಲು ನಾನು ಅವ್ವನನ್ನು ಕರೆದೆ. ಅವ್ವ ಬೆರಳು ಚಾಚಿದ್ದೇ ತಡ, ದೊಡ್ಡಮ್ಮ ಅವಳ ಕೈ ತಳ್ಳಿದಳು.

"ಮುಂಡೆ ಕೈ ವಾಸಕಾಲಿಗೆ ತಾಕಬಾರ್ದು. ಆಟಕ್ಕಾದ್ರೂ ಸರಿ."

ನಾನು ಮನೆಯನ್ನು ಒದ್ದು ಕೆಡವಿದೆ. "ಆ ಹೊಸ ಕೋಣೆ ಗ್ವಾಡೆಗೆಲ್ಲಾ ನಮ್ಮವ್ವನ ಕೈ ತಾಕೈತೆ ದೊಡ್ಡಮ್ಮಾ, ಅದ್ನೂ ಕೆಡವು!"

ಕೆನ್ನೆಗೆ ಏಟು ಬಿತ್ತು. ಹೊಡೆದದ್ದು ಅವ್ವ. ಆ ಕೈಯಲ್ಲಿ ಹಸಿ ಸಿಮೆಂಟಿನ ವಾಸನೆಯಿತ್ತು.