ನಕ್ಷೆಯಿಲ್ಲದೆ ಇಸ್ತಾಂಬುಲ್‌ಗೆ

ಪ್ರವಾಸಿಗರ ತಲೆಗೆ ಪರದೇಶದ ಊರುಗಳ ನಕ್ಷೆ ತುಂಬುವ ಕಚೇರಿಯಲ್ಲಿ, ನಿವೃತ್ತ ಬಸ್ ಕಂಡಕ್ಟರ್ ಪುಟ್ಟತಾಯಮ್ಮ ತಲೆಯೊಡ್ಡಲು ಒಪ್ಪಲಿಲ್ಲ.

"ಒಬ್ಬರೇ ಇಸ್ತಾಂಬುಲ್‌ಗೆ ಹೊರಟಿದ್ದೀರಿ. ಎರಡೇ ನಿಮಿಷ, ಗಲ್ಲಿಗಲ್ಲಿಯೂ ಬಾಯಿಪಾಠ ಆಗುತ್ತೆ," ಎಂದಳು ಗುಮಾಸ್ತೆ. "ಈಗ ಎಲ್ಲರೂ ತುಂಬಿಸ್ಕೊಂಡೇ ಹೋಗೋದು, ಅಮ್ಮಾ."

"ನಂಗೆ ಬ್ಯಾಡ ಕಣವ್ವ."

"ಹಾಗಾದ್ರೆ, ಕಳೆದುಹೋದರೆ ಯಾರೂ ಹುಡುಕಲ್ಲ ಅನ್ನೋದಕ್ಕೆ ಒಪ್ಪಿ ಸಹಿ ಹಾಕ್ಬೇಕು."

ಪುಟ್ಟತಾಯಮ್ಮ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನು ತೆಗೆದು, ದಪ್ಪಕ್ಷರದಲ್ಲಿ ಸಹಿ ಜಡಿದರು.

"ದಾರಿ ತಪ್ಪಿದ್ರೆ ಏನ್ಮಾಡ್ತೀರಾ?"

"ಯಾರನ್ನಾದ್ರೂ ಕೇಳ್ತೀನಿ. ಮೂವತ್ತು ವರ್ಷ ಮಂಡ್ಯದ ಬಸ್ಸಲ್ಲಿ ಕಂಡೋರಿಗೆಲ್ಲ ಇಳಿಯೋ ಸ್ಟಾಪು ಹೇಳಿದ್ದೀನಿ. ಒಂದ್ಸಲ ನಂಗೂ ಯಾರಾದ್ರೂ ಹೇಳ್ಲಿ!"

ಎದೆಯುಬ್ಬಿಸಿ ಎದ್ದವರು, ಬಸ್ಸಿನ ಬಾಗಿಲಿಗೆ ಬಡಿಯುವಂತೆ ಮೇಜಿಗೆ ಎರಡೇಟು ಬಡಿದು, ತಮಗೆ ತಾವೇ ಕೂಗಿಕೊಂಡರು:

"ರೈಟ್, ರೈಟ್!"